‘ಗಿಂತ’ ಒಂದೇ ಸಾಲದು: ಇಂಗ್ಲಿಷಿನಲ್ಲಿ ಕ್ರಿಯಾವಿಶೇಷಣದ ಹೋಲಿಕೆ

‘ಅವ ನನಗಿಂತ ಜೋರ್ ಓಡ್ತಾನ.’ ಹುಬ್ಬಳ್ಳಿಯ ಯಾವ ಓಣಿಯಲ್ಲಾದರೂ ಕಿವಿಗೆ ಬೀಳುವ ಈ ಮಾತು ಇಂಗ್ಲಿಷಿಗೆ ಹೋಗುವಾಗ ಎರಡು ರೀತಿಯಲ್ಲಿ ಕೆಡುತ್ತದೆ. ಕೆಲವರು ‘ಹಿ ರನ್ಸ್ ಫಾಸ್ಟ್ ದ್ಯಾನ್ ಮಿ’ ಎನ್ನುತ್ತಾರೆ. ಇನ್ನು ಕೆಲವರು ‘ಹಿ ರನ್ಸ್ ಮೋರ್ ಫಾಸ್ಟರ್ ದ್ಯಾನ್ ಮಿ’ ಎನ್ನುತ್ತಾರೆ. ಮೊದಲನೆಯದರಲ್ಲಿ ಹೋಲಿಕೆಯ ಗುರುತು ಬಿಟ್ಟುಹೋಗಿದೆ, ಎರಡನೆಯದರಲ್ಲಿ ಅದೇ ಗುರುತು ಎರಡು ಸಲ ಬಿದ್ದಿದೆ. ಸರಿಯಾದದ್ದು ‘ಹಿ ರನ್ಸ್ ಫಾಸ್ಟರ್ ದ್ಯಾನ್ ಮಿ’. ಎರಡೂ ತಪ್ಪುಗಳ ಬೇರು ಒಂದೇ ಕಡೆ ಇದೆ. ಕನ್ನಡದಲ್ಲಿ ಹೋಲಿಕೆಯ ಭಾರವನ್ನೆಲ್ಲ ‘ಗಿಂತ’ ಹೊರುತ್ತದೆ. ‘ಜೋರ್’ ಎಂಬ ಮಾತು ಇದ್ದ ಹಾಗೇ ಇರುತ್ತದೆ.

ಕೆಲಸ ಹೇಗೆ ನಡೆಯಿತು ಎಂದು ಹೇಳುವ ಇಂಥ ಪದಗಳೇ ಕ್ರಿಯಾವಿಶೇಷಣಗಳು. ಕನ್ನಡ ವ್ಯಾಕರಣ ಇವನ್ನು ಅವ್ಯಯಗಳ ಸಾಲಿಗೆ ಸೇರಿಸಿದ್ದು ಸುಮ್ಮನೆ ಅಲ್ಲ. ಲಿಂಗ, ವಚನ, ವಿಭಕ್ತಿ ಯಾವುದು ಬಂದರೂ ರೂಪ ಬದಲಾಗದ ಪದ ಅವ್ಯಯ. ಬೇಗನೆ, ಮೆಲ್ಲಗೆ, ಸುಮ್ಮನೆ ಎಂಬ ಮಾತುಗಳು ಹೋಲಿಕೆಗೂ ಜಗ್ಗುವುದಿಲ್ಲ. ‘ಬೇಗ ಬಂದ’, ‘ನನಗಿಂತ ಬೇಗ ಬಂದ’, ‘ಎಲ್ಲರಿಗಿಂತ ಬೇಗ ಬಂದ’: ಮೂರರಲ್ಲೂ ‘ಬೇಗ’ ಒಂದೇ. ಇಂಗ್ಲಿಷಿನಲ್ಲಿ ಹಾಗಲ್ಲ. ‘ಕೇಮ್ ಅರ್ಲಿ’, ‘ಕೇಮ್ ಅರ್ಲಿಯರ್ ದ್ಯಾನ್ ಮಿ’, ‘ಕೇಮ್ ಅರ್ಲಿಯೆಸ್ಟ್’ ಎಂದು ಪದವೇ ಮೂರು ರೂಪ ತಾಳುತ್ತದೆ. ಹೋಲಿಕೆ ನಡೆಯುತ್ತಿದೆ ಎಂದು ಹೇಳುವುದು ಪದದ ರೂಪ. ಯಾರ ಜೊತೆ ಎಂದು ಹೇಳುವುದು ‘ದ್ಯಾನ್’. ‘ಗಿಂತ’ ಒಬ್ಬನೇ ಮಾಡುವ ಕೆಲಸವನ್ನು ಅಲ್ಲಿ ಇಬ್ಬರು ಹಂಚಿಕೊಂಡಿದ್ದಾರೆ.

‘ಮೋರ್ ಫಾಸ್ಟರ್’ ಎಂಬುದಕ್ಕೆ ಇನ್ನೊಂದು ಮೂಲವೂ ಇದೆ. ‘ಇನ್ನೂ ಜೋರ್ ಓಡು’ ಎನ್ನುವಾಗಿನ ‘ಇನ್ನೂ’ ಮನಸ್ಸಿನಲ್ಲಿ ‘ಮೋರ್’ ಆಗಿ ನಿಲ್ಲುತ್ತದೆ. ಶಾಲೆಯಲ್ಲಿ ಕಲಿತ ‘ಫಾಸ್ಟರ್’ ಅದರ ಹಿಂದೆಯೇ ಬಂದು ಸೇರಿಕೊಳ್ಳುತ್ತದೆ. ಆದರೆ ‘ಫಾಸ್ಟರ್’ ಒಳಗೆ ‘ಇನ್ನೂ’ ಆಗಲೇ ಇದೆ. ‘ರನ್ ಫಾಸ್ಟರ್’ ಎಂದರೆ ಸಾಕು.

ಮೊದಲು ಕೇಳಬೇಕಾದದ್ದು: ಹ್ಯಾಂಗ ಐತಿ, ಹ್ಯಾಂಗ ಮಾಡಿದ?

ಹೋಲಿಕೆಯ ರೂಪಕ್ಕೆ ಕೈ ಹಾಕುವ ಮೊದಲು, ನಮ್ಮ ಕೈಯಲ್ಲಿರುವುದು ಕ್ರಿಯಾವಿಶೇಷಣವೇ ಅಲ್ಲವೇ ಎಂಬುದು ಗೊತ್ತಿರಬೇಕು. ಧಾರವಾಡದ ಕಡೆಯವರಿಗೆ ಇಲ್ಲಿ ಒಂದು ವಿಶೇಷ ತೊಡಕಿದೆ, ಅದರ ಹೆಸರು ‘ಛಲೋ’. ‘ಛಲೋ ಹುಡುಗಿ’ ಎನ್ನುತ್ತೇವೆ, ‘ಛಲೋ ಹಾಡ್ತಾಳ’ ಎಂದೂ ಎನ್ನುತ್ತೇವೆ. ಮೊದಲನೆಯದು ಹುಡುಗಿಯ ಗುಣ, ಎರಡನೆಯದು ಹಾಡುವ ರೀತಿ. ಪದ ಮಾತ್ರ ಒಂದೇ. ಇಂಗ್ಲಿಷ್ ಇವೆರಡನ್ನು ಬೇರೆ ಮಾಡುತ್ತದೆ: ‘ಎ ಗುಡ್ ಗರ್ಲ್’, ‘ಶಿ ಸಿಂಗ್ಸ್ ವೆಲ್’. ಇಬ್ಬರೂ ‘ಛಲೋ’ ಒಳಗೇ ಅಡಗಿರುವುದರಿಂದ ‘ಶಿ ಸಿಂಗ್ಸ್ ಗುಡ್’ ಎಂಬ ತಪ್ಪು ಸಲೀಸಾಗಿ ಬಾಯಿಗೆ ಬರುತ್ತದೆ.

‘ಆಗಿ’ ಇದರ ತದ್ವಿರುದ್ಧ ದಿಕ್ಕಿಗೆ ಎಳೆಯುತ್ತದೆ. ‘ಮೃದುವಾಗಿ ಮಾತಾಡಿದ’, ‘ರೊಟ್ಟಿ ಮೃದುವಾಗಿದೆ’: ಎರಡರಲ್ಲೂ ‘ಆಗಿ’ ಇದೆ. ‘ಆಗಿ’ ಎಂದರೆ ಇಂಗ್ಲಿಷ್ ಪದದ ಬಾಲಕ್ಕೆ ಹಚ್ಚುವ ಎಲ್-ವೈ (-ly) ಎಂದು ಉರು ಹೊಡೆದವರು ‘ದಿ ರೊಟ್ಟಿ ಈಸ್ ಸಾಫ್ಟ್ಲಿ’ ಎಂದು ಬರೆಯುತ್ತಾರೆ. ಮಾತಾಡುವುದು ಒಂದು ಕೆಲಸ, ಅದಕ್ಕೆ ‘ಸಾಫ್ಟ್ಲಿ’ ಬೇಕು. ರೊಟ್ಟಿ ಏನೂ ಮಾಡುತ್ತಿಲ್ಲ, ತಟ್ಟೆಯಲ್ಲಿದೆ; ಅದಕ್ಕೆ ‘ಸಾಫ್ಟ್’ ಸಾಕು. ಹಾಗಾಗಿ ಪ್ರಶ್ನೆ ಕೇಳಿ ನೋಡುವುದು ಒಳ್ಳೆಯದು. ‘ಹ್ಯಾಂಗ ಐತಿ?’ ಎಂಬುದಕ್ಕೆ ಉತ್ತರವಾದರೆ ಗುಣವಾಚಕ. ‘ಹ್ಯಾಂಗ ಮಾಡಿದ?’ ಎಂಬುದಕ್ಕೆ ಉತ್ತರವಾದರೆ ಕ್ರಿಯಾವಿಶೇಷಣ.

ಈ ಪ್ರಶ್ನೆಯನ್ನೂ ಮೋಸಗೊಳಿಸುವ ಕೆಲವು ಕ್ರಿಯಾಪದಗಳಿವೆ: ಲುಕ್, ಸ್ಮೆಲ್, ಟೇಸ್ಟ್, ಸೌಂಡ್, ಫೀಲ್, ಸೀಮ್, ಬಿಕಮ್. ನೋಡಲು ಕೆಲಸದ ಹಾಗಿದ್ದರೂ ಇವು ಬಹುತೇಕ ‘ಇದೆ’ ಎಂಬ ಅರ್ಥವನ್ನೇ ಹೊತ್ತಿರುತ್ತವೆ. ಅಂಥ ಕಡೆ ಆ ಪದ ತೆಗೆದು ‘ಈಸ್’ ಹಾಕಿದರೂ ವಾಕ್ಯ ನಿಲ್ಲುತ್ತದೆ. ನಿಂತರೆ ಅಲ್ಲಿ ಗುಣವಾಚಕವೇ ಬರಬೇಕು. ‘ಗಿರ್ಮಿಟ್ ಛಲೋ ಆಗೇತಿ’ ಎಂದರೆ ‘ದಿ ಗಿರ್ಮಿಟ್ ಟೇಸ್ಟ್ಸ್ ಗುಡ್’, ‘ವೆಲ್’ ಅಲ್ಲ. ಹೋಲಿಕೆಯಲ್ಲೂ ಇದೇ ನಿಯಮ. ಹಾವೇರಿ ಜಿಲ್ಲೆಯ ಬ್ಯಾಡಗಿ ಮೆಣಸಿನಕಾಯಿಗೆ ಬಣ್ಣ ಹೆಚ್ಚು, ಖಾರ ಕಡಿಮೆ. ಗುಂಟೂರಿನದರ ಪಕ್ಕಕ್ಕಿಟ್ಟು ಹೇಳುವುದಾದರೆ ‘ಇಟ್ ಲುಕ್ಸ್ ರೆಡ್ಡರ್ ಅಂಡ್ ಟೇಸ್ಟ್ಸ್ ಮೈಲ್ಡರ್’. ‘ಮೋರ್ ಮೈಲ್ಡ್ಲಿ’ ಎಂದರೆ ತಪ್ಪು. ಅದೇ ಮೆಣಸಿನಕಾಯಿ ಎಣ್ಣೆಗೆ ಬಣ್ಣ ಬಿಡುವ ಕೆಲಸದ ಮಾತು ಬಂದಾಗ ‘ಇಟ್ ಕಲರ್ಸ್ ದಿ ಆಯಿಲ್ ಮೋರ್ ಡೀಪ್ಲಿ’. ಒಂದೇ ಕಾಯಿ, ‘ಇರುವುದು’ ಒಂದು, ‘ಮಾಡುವುದು’ ಒಂದು.

ರೂಪ ಕಟ್ಟುವುದು

ಕ್ರಿಯಾವಿಶೇಷಣ ಎಂದು ಖಾತ್ರಿಯಾದ ಮೇಲೆ ರೂಪ ಆರಿಸುವುದು ಕಷ್ಟವಲ್ಲ. ಗುಣವಾಚಕಕ್ಕೆ ಎಲ್-ವೈ ಹಚ್ಚಿ ಮಾಡಿದ ಪದಗಳಿಗೆ ಮುಂದೆ ‘ಮೋರ್’, ‘ಮೋಸ್ಟ್’ ಬರುತ್ತವೆ: ಕ್ವಿಕ್ಲಿ, ಮೋರ್ ಕ್ವಿಕ್ಲಿ, ಮೋಸ್ಟ್ ಕ್ವಿಕ್ಲಿ. ಎಲ್-ವೈ ಹಚ್ಚದೆ ಇದ್ದ ಹಾಗೇ ಬಳಸುವ ಗಿಡ್ಡ ಪದಗಳಿಗೆ ಬಾಲದಲ್ಲಿ ಇ-ಆರ್, ಇ-ಎಸ್-ಟಿ: ಫಾಸ್ಟರ್, ಹಾರ್ಡರ್, ಹೈಯರ್, ಲಾಂಗರ್, ಸೂನರ್, ನಿಯರರ್. ‘ಲೇಟ್’ ಪದದ ಬರಹದಲ್ಲಿ ಕೊನೆಗೆ ಆಗಲೇ ‘ಇ’ ಇರುವುದರಿಂದ ಬರೀ ‘ಆರ್’ ಸಾಕು. ‘ಅರ್ಲಿ’ಯ ಕೊನೆಯ ‘ವೈ’ ಮಾತ್ರ ‘ಐ’ ಆಗಿ ‘ಅರ್ಲಿಯರ್’ ಆಗುತ್ತದೆ. ಕೊನೆಗೆ ಎಲ್-ವೈ ಕಂಡರೂ ‘ಅರ್ಲಿ’ ಈ ಗಿಡ್ಡ ಪದಗಳ ಕಡೆಯದು. ‘ಆಫನ್’ ಎಲ್-ವೈ ಇಲ್ಲದಿದ್ದರೂ ‘ಮೋರ್’ ಕಡೆಯದು.

ಗಿಡ್ಡ ಪದಗಳಿಗೆ ಇ-ಆರ್ ಎಂದಾಗ ಉಚ್ಚಾರದ ಭಾಗಗಳನ್ನು ಎಣಿಸಲು ಹೇಳುತ್ತಾರೆ. ಕನ್ನಡದ ನಾಲಿಗೆಗೆ ಈ ಎಣಿಕೆ ತಪ್ಪುವುದುಂಟು. ನಾವು ‘ಫಾಸ್ಟು’, ‘ಹಾರ್ಡು’ ಎಂದು ಕೊನೆಗೆ ಸ್ವರ ಕೂಡಿಸುತ್ತೇವೆ, ಒಂದು ಭಾಗ ಎರಡಾಗುತ್ತದೆ. ಎಣಿಸುವುದಕ್ಕಿಂತ ಎಲ್-ವೈ ಹಚ್ಚಿದ್ದಾರೋ ಇಲ್ಲವೋ ಎಂದು ನೋಡುವುದೇ ಭದ್ರ.

ಯಾವ ನಿಯಮಕ್ಕೂ ಒಗ್ಗದೆ ಬಾಯಿಪಾಠ ಮಾಡಲೇಬೇಕಾದವು ಕೆಲವೇ: ವೆಲ್, ಬೆಟರ್, ಬೆಸ್ಟ್; ಬ್ಯಾಡ್ಲಿ, ವರ್ಸ್, ವರ್ಸ್ಟ್; ಮಚ್, ಮೋರ್, ಮೋಸ್ಟ್; ಲಿಟ್ಲ್, ಲೆಸ್, ಲೀಸ್ಟ್; ಫಾರ್, ಫಾರ್ದರ್, ಫಾರ್ದೆಸ್ಟ್. ಕೊನೆಯದಕ್ಕೆ ‘ಫರ್ದರ್’ ಎಂಬ ಜೋಡಿಯೂ ಇದೆ. ದೂರದ ಮಾತಿಗೆ ಎರಡೂ ನಡೆಯುತ್ತವೆ. ‘ಇನ್ನಷ್ಟು, ಮುಂದುವರಿದು’ ಎಂಬ ಅರ್ಥಕ್ಕೆ ‘ಫರ್ದರ್’ ಮಾತ್ರ.

ಸ್ಲೋ, ಕ್ವಿಕ್, ಲೌಡ್ ಎಂಬ ಮೂರರ ವಿಷಯದಲ್ಲಿ ಗೊಂದಲ ಇರುವುದು ನಿಜ. ಇಂಗ್ಲಿಷ್ ಮನೆಮಾತಿನವರೇ ‘ಡ್ರೈವ್ ಸ್ಲೋವರ್’, ‘ಸ್ಪೀಕ್ ಲೌಡರ್’ ಎನ್ನುತ್ತಾರೆ, ಮಾತಿನಲ್ಲಿ ಅದು ತಪ್ಪಲ್ಲ. ಧಾರವಾಡದ ಸಪ್ತಾಪುರದ ಕೋಚಿಂಗ್ ಸೆಂಟರಿನಲ್ಲಿ ಕೂತು ತಪ್ಪು ಹುಡುಕುವ ಪ್ರಶ್ನೆಗಳನ್ನು ಬಿಡಿಸುವವರಿಗೆ ಮಾತ್ರ ‘ಮೋರ್ ಸ್ಲೋಲಿ’, ‘ಮೋರ್ ಕ್ವಿಕ್ಲಿ’, ‘ಮೋರ್ ಲೌಡ್ಲಿ’ ಬರೆಯುವುದೇ ಕ್ಷೇಮ. ಪರೀಕ್ಷೆಯ ಇಂಗ್ಲಿಷ್ ಮಾತಿನ ಇಂಗ್ಲಿಷಿಗಿಂತ ಬಿಗಿ.

ಎಲ್-ವೈ ಹಚ್ಚುವಾಗಿನ ಕಾಗುಣಿತದಲ್ಲಿ ಹೆಚ್ಚು ಅಂಕ ಹೋಗುವುದು ಎರಡು ಕಡೆ. ‘ಕೇರ್‌ಫುಲ್’, ‘ಬ್ಯೂಟಿಫುಲ್’ ಪದಗಳಿಗೆ ಕೊನೆಯಲ್ಲಿ ಆಗಲೇ ಒಂದು ‘ಎಲ್’ ಇದೆ, ಅದಕ್ಕೆ ಎಲ್-ವೈ ಸೇರಿದಾಗ ‘ಎಲ್’ ಎರಡಾಗಬೇಕು. ‘ಹ್ಯಾಪಿ’, ‘ಈಸಿ’ಗಳ ‘ವೈ’ ಹೋಗಿ ‘ಐ’ ಬರಬೇಕು. ಇವಲ್ಲದೆ ‘ಟ್ರೂ’ ತನ್ನ ಕೊನೆಯ ‘ಇ’ ಕಳೆದುಕೊಂಡು ‘ಟ್ರೂಲಿ’ ಆಗುತ್ತದೆ. ಅರ್ಜಿಯ ಕೊನೆಗೆ ‘ಯುವರ್ಸ್ ಟ್ರೂಲಿ’ ಬರೆಯುವಾಗ ಆ ‘ಇ’ ಉಳಿಸಿಬಿಡುವವರು ಬಹಳ.

ಒಂದು ‘ಜೋರ್’, ಹಲವು ಇಂಗ್ಲಿಷ್

ವ್ಯಾಕರಣದ ಪುಸ್ತಕಗಳು ಸಾಮಾನ್ಯವಾಗಿ ಮುಟ್ಟದ, ಆದರೆ ನಮ್ಮವರಿಗೆ ಎಲ್ಲಕ್ಕಿಂತ ಹೆಚ್ಚು ಉಪಯೋಗಕ್ಕೆ ಬರುವ ವಿಷಯ ಇದು. ‘ಜೋರ್’ ಎಂಬ ಒಂದು ಮಾತಿನಿಂದ ನಾವು ಎಷ್ಟೋ ಕೆಲಸ ಮಾಡಿಸಿಕೊಳ್ಳುತ್ತೇವೆ. ಜೋರ್ ಓಡಿದ, ಜೋರ್ ಮಾತಾಡಿದ, ಮಳಿ ಜೋರ್ ಹೊಡದೈತಿ, ಗಾಳಿ ಜೋರ್ ಬೀಸಾಕತ್ತೈತಿ, ಜೋರ್ ಒತ್ತು. ಇಂಗ್ಲಿಷಿನಲ್ಲಿ ಯಾವ ಪದ ಬೇಕೆಂದು ಕ್ರಿಯಾಪದವೇ ತೀರ್ಮಾನಿಸುತ್ತದೆ. ಓಟಕ್ಕೆ ‘ಫಾಸ್ಟ್’, ಮಾತಿಗೆ ‘ಲೌಡ್ಲಿ’, ಮಳೆಗೆ ‘ಹಾರ್ಡ್’ ಅಥವಾ ‘ಹೆವಿಲಿ’, ಗಾಳಿಗೆ ‘ಹಾರ್ಡ್’ ಅಥವಾ ‘ಸ್ಟ್ರಾಂಗ್ಲಿ’, ಒತ್ತುವುದಕ್ಕೆ ‘ಹಾರ್ಡ್’.

ಪದ ಸರಿಯಾಗಿ ಆರಿಸಿಕೊಂಡರೆ ಹೋಲಿಕೆ ತಾನಾಗಿ ಬರುತ್ತದೆ. ಕಪ್ಪತಗುಡ್ಡದ ಮೇಲೆ ಗದಗ ಪೇಟೆಗಿಂತ ಗಾಳಿ ಜೋರು ಎನ್ನಲು ‘ದಿ ವಿಂಡ್ ಬ್ಲೋಸ್ ಹಾರ್ಡರ್ ಆನ್ ದಿ ಹಿಲ್ಸ್ ದ್ಯಾನ್ ಇನ್ ದಿ ಟೌನ್’. ನಿನ್ನೆಗಿಂತ ಮಳೆ ಜೋರು ಎನ್ನಲು ‘ಇಟ್ ಈಸ್ ರೇನಿಂಗ್ ಹಾರ್ಡರ್ ದ್ಯಾನ್ ಯೆಸ್ಟರ್‌ಡೇ’. ಪದ ಆರಿಸದೆ ‘ಜೋರಾಗಿ’ಯನ್ನು ಯಾಂತ್ರಿಕವಾಗಿ ತಿರುಗಿಸಿದವರ ಕೈಗೆ ಸಿಗುವುದು ‘ಫಾಸ್ಟ್ಲಿ’. ಇಂದಿನ ಇಂಗ್ಲಿಷಿನಲ್ಲಿ ಆ ಪದ ಬಳಕೆಯಲ್ಲಿಲ್ಲ. ‘ಫಾಸ್ಟ್’ ನಮ್ಮ ‘ಛಲೋ’ ಹಾಗೆಯೇ, ಗುಣಕ್ಕೂ ಅದೇ, ಕೆಲಸಕ್ಕೂ ಅದೇ.

‘ಹಾರ್ಡ್’, ‘ಲೇಟ್’, ‘ನಿಯರ್’, ‘ಹೈ’ ಕೂಡ ಇದೇ ಜಾತಿಯವು. ಆದರೆ ಇವುಗಳಿಗೆ ಎಲ್-ವೈ ಹಚ್ಚಿದರೆ ಪದ ಹುಟ್ಟುತ್ತದೆ, ಅರ್ಥವೇ ಬೇರೆಯಾಗುತ್ತದೆ. ಅಪಾಯ ಇರುವುದು ಅಲ್ಲೇ. ‘ಹಾರ್ಡ್ಲಿ’ ಎಂದರೆ ‘ಇಲ್ಲವೆನ್ನುವಷ್ಟು ಕಡಿಮೆ’. ಕೆಲಸದ ಅರ್ಜಿಯಲ್ಲಿ ‘ಕಷ್ಟಪಟ್ಟು ದುಡಿದಿದ್ದೇನೆ’ ಎನ್ನಲು ಹೋಗಿ ‘ಐ ಹ್ಯಾವ್ ಹಾರ್ಡ್ಲಿ ವರ್ಕ್ಡ್’ ಎಂದು ಬರೆದರೆ, ‘ನಾನು ದುಡಿದಿದ್ದೇ ಅಪರೂಪ’ ಎಂದು ಸಹಿ ಮಾಡಿ ಕೊಟ್ಟ ಹಾಗೆ. ಅದಕ್ಕೆ ಇಲ್ಲ ಎಂಬ ಅರ್ಥ ಆಗಲೇ ಇರುವುದರಿಂದ ಜೊತೆಗೆ ‘ನಾಟ್’ ಸೇರಿಸುವಂತಿಲ್ಲ. ‘ಲೇಟ್ಲಿ’ ಎಂದರೆ ಇತ್ತೀಚೆಗೆ. ‘ದಿ ಟ್ರೇನ್ ಕೇಮ್ ಲೇಟ್ಲಿ’ ಎಂದರೆ ರೈಲು ತಡವಾಗಿ ಬಂತು ಎಂದಾಗುವುದಿಲ್ಲ. ‘ನಿಯರ್ಲಿ’ ಎಂದರೆ ಹತ್ತಿರ ಹತ್ತಿರ, ಹೆಚ್ಚುಕಡಿಮೆ. ‘ಹೈ’ ಎತ್ತರಕ್ಕೆ, ‘ಹೈಲಿ’ ಬಹಳವಾಗಿ: ಗಾಳಿಪಟ ಹಾರುವುದು ‘ಹೈ’, ಹಿರಿಯರು ಗೌರವ ಪಡೆದಿರುವುದು ‘ಹೈಲಿ’.

ಎಲ್-ವೈ ಇದ್ದೂ ಕ್ರಿಯಾವಿಶೇಷಣವಲ್ಲದ ಪದಗಳ ಗುಂಪೂ ಒಂದಿದೆ: ಫ್ರೆಂಡ್ಲಿ, ಲವ್ಲಿ, ಲೋನ್ಲಿ, ಕಾಸ್ಟ್ಲಿ. ಇವು ಗುಣವಾಚಕಗಳು. ನಮ್ಮ ಕಡೆಯ ‘ಸಿಟ್ಟಿಲೆ ಹೇಳಿದ’, ‘ಪ್ರೀತಿಲೆ ಹೇಳಿದ’ ಎಂಬ ‘ಲೆ’ ಮಾತುಗಳನ್ನು ತಿರುಗಿಸುವಾಗ ಇವು ಎಡವಿಸುತ್ತವೆ. ‘ಸಿಟ್ಟಿಲೆ’ಗೆ ‘ಆಂಗ್ರಿಲಿ’ ಸರಿಹೋಗುತ್ತದೆ, ಹೋಲಿಕೆಗೆ ‘ಮೋರ್ ಆಂಗ್ರಿಲಿ’. ‘ಪ್ರೀತಿಲೆ’ಗೆ ‘ಲವ್ಲಿ’ ಹಾಕಿದರೆ ಕೆಟ್ಟಿತು. ‘ಲವಿಂಗ್ಲಿ’ ಎನ್ನಬೇಕು, ಇಲ್ಲವೇ ‘ವಿತ್ ಲವ್’. ‘ಸ್ನೇಹದಿಂದ ಮಾತಾಡಿದ’ ಎಂದರೆ ‘ಹಿ ಸ್ಪೋಕ್ ಇನ್ ಎ ಫ್ರೆಂಡ್ಲಿ ವೇ’. ಮೊದಲಿಗಿಂತ ಸ್ನೇಹದಿಂದ ಎಂದಾಗ ಬದಲಾಗುವುದು ಒಳಗಿನ ಗುಣವಾಚಕ: ‘ಇನ್ ಎ ಫ್ರೆಂಡ್ಲಿಯರ್ ವೇ’.

‘ಭಾಳ’ ಎಲ್ಲಿ ‘ವೆರಿ’, ಎಲ್ಲಿ ‘ಮಚ್’

‘ಭಾಳ ಜೋರ್ ಓಡ್ತಾನ’, ‘ನನಗಿಂತ ಭಾಳ ಜೋರ್ ಓಡ್ತಾನ.’ ಕನ್ನಡದಲ್ಲಿ ಎರಡಕ್ಕೂ ‘ಭಾಳ’ ಒಂದೇ. ಇಂಗ್ಲಿಷಿನಲ್ಲಿ ಹೋಲಿಕೆ ಇಲ್ಲದಾಗ ‘ವೆರಿ ಫಾಸ್ಟ್’, ಹೋಲಿಕೆ ಬಂದ ಕೂಡಲೇ ‘ಮಚ್ ಫಾಸ್ಟರ್’. ‘ವೆರಿ ಫಾಸ್ಟರ್’ ಎಂಬುದು ಇಲ್ಲ. ‘ಫಾರ್ ಫಾಸ್ಟರ್’, ‘ಎ ಲಾಟ್ ಫಾಸ್ಟರ್’ ಕೂಡ ಸರಿ. ಅಂತರ ಸಣ್ಣದಾದರೆ ‘ಎ ಲಿಟ್ಲ್ ಅರ್ಲಿಯರ್’, ‘ಎ ಬಿಟ್ ಅರ್ಲಿಯರ್’; ಇದು ನಮ್ಮ ‘ಒಂಚೂರು ಲಗೂನ’. ಅಂತರವನ್ನು ಅಳತೆಯಲ್ಲೇ ಹೇಳುವುದಾದರೆ ಅಳತೆ ಮುಂದೆ ಬರುತ್ತದೆ: ‘ಟೆನ್ ಮಿನಿಟ್ಸ್ ಅರ್ಲಿಯರ್’.

‘ಭಾಳ’ವನ್ನು ‘ಟೂ’ ಮಾಡುವ ಅಭ್ಯಾಸವೂ ಇದೆ. ‘ಟೂ’ ಎಂದರೆ ಅತಿಯಾಯಿತು, ಅದರಿಂದ ತೊಂದರೆ ಎಂಬ ಅರ್ಥ. ಹಾಡಿದವಳನ್ನು ಮೆಚ್ಚಿಕೊಳ್ಳಲು ‘ಶಿ ಸಿಂಗ್ಸ್ ಟೂ ವೆಲ್’ ಎಂದರೆ ಕೇಳಿದವರು ಮುಂದಿನ ಮಾತಿಗೆ ಕಾಯುತ್ತಾರೆ, ಅತಿಯಾಗಿ ಏನು ಕೆಟ್ಟಿತು ಎಂದು. ಅಲ್ಲಿ ಬೇಕಾದದ್ದು ‘ವೆರಿ ವೆಲ್’.

ಪದವನ್ನು ಎರಡು ಸಲ ಹೇಳುವುದು ನಮಗೆ ಸಹಜ. ‘ಸಾವಕಾಶ ಸಾವಕಾಶ ಹೋಗು’ ಎನ್ನುವಾಗ ಒಂದೊಂದು ಹೆಜ್ಜೆಯೂ ಕಣ್ಣಿಗೆ ಕಟ್ಟುತ್ತದೆ. ‘ಸ್ಲೋಲಿ ಸ್ಲೋಲಿ’ಗೆ ಇಂಗ್ಲಿಷಿನಲ್ಲಿ ಆ ಸೊಗಸು ಇಲ್ಲ, ‘ವೆರಿ ಸ್ಲೋಲಿ’ ಎಂದೇ ಹೇಳಬೇಕು. ಆದರೆ ಬರುಬರುತ್ತ ಹೆಚ್ಚಾಗುವ ಅರ್ಥವಿದ್ದರೆ ಅಲ್ಲಿಯೂ ಪದ ಜೋಡಿಯಾಗುತ್ತದೆ, ಹೋಲಿಕೆಯ ರೂಪದಲ್ಲಿ. ಕುಂದಗೋಳದ ಸವಾಯಿ ಗಂಧರ್ವರ ಶಿಷ್ಯರಾದ ಗಂಗೂಬಾಯಿ ಹಾನಗಲ್, ಗದಗಿನಲ್ಲಿ ಹುಟ್ಟಿದ ಭೀಮಸೇನ ಜೋಶಿ ಇವರ ಖ್ಯಾಲ್ ಗಾಯನ ಕೇಳಿದವರಿಗೆ ನಿಧಾನದ ವಿಲಂಬಿತದಿಂದ ವೇಗದ ದ್ರುತಕ್ಕೆ ಹೋಗುವ ನಡೆ ಗೊತ್ತು. ಆ ನಡೆಯನ್ನು ಹೇಳಲು ‘ದಿ ಸಿಂಗರ್ ಬಿಗಿನ್ಸ್ ಸ್ಲೋಲಿ ಅಂಡ್ ದೆನ್ ಸಿಂಗ್ಸ್ ಫಾಸ್ಟರ್ ಅಂಡ್ ಫಾಸ್ಟರ್’. ಎಲ್-ವೈ ಪದವಾದರೆ ಜೋಡಿಯಾಗುವುದು ‘ಮೋರ್’: ‘ಮೋರ್ ಅಂಡ್ ಮೋರ್ ಸ್ಲೋಲಿ’. ‘ಎಷ್ಟು ಅಭ್ಯಾಸ ಮಾಡ್ತಿಯೋ ಅಷ್ಟು ಛಲೋ ಹಾಡ್ತಿ’ ಎಂಬುದು ‘ದಿ ಮೋರ್ ಯು ಪ್ರಾಕ್ಟಿಸ್, ದಿ ಬೆಟರ್ ಯು ಸಿಂಗ್’. ಎರಡೂ ತುಂಡಿನ ಮೊದಲಲ್ಲಿ ‘ದಿ’ ಬೇಕು, ಹೋಲಿಕೆಯ ಪದ ಅದಕ್ಕೆ ಅಂಟಿಕೊಂಡೇ ಇರಬೇಕು.

ಸಮ ಎಂದು ಹೇಳುವಾಗ ಪದದ ರೂಪ ಬದಲಾಗುವುದಿಲ್ಲ. ‘ಅವನಷ್ಟು ಜೋರಾಗಿ’ ಎಂಬುದು ‘ಆ್ಯಸ್ ಫಾಸ್ಟ್ ಆ್ಯಸ್ ಹಿಮ್’. ‘ಆ್ಯಸ್ ಫಾಸ್ಟರ್ ಆ್ಯಸ್’ ಎಂಬುದು ಎಲ್ಲೂ ಇಲ್ಲ. ಕಡಿಮೆ ಎನ್ನುವುದಕ್ಕೆ ‘ಲೆಸ್ ಫಾಸ್ಟ್’ ಎನ್ನುವ ಬದಲು ‘ನಾಟ್ ಆ್ಯಸ್ ಫಾಸ್ಟ್ ಆ್ಯಸ್’ ಎಂದರೆ ಕಿವಿಗೆ ಸಹಜ. ‘ಲೆಸ್’ ಒಪ್ಪುವುದು ‘ಲೆಸ್ ಆಫನ್’, ‘ಲೆಸ್ ಕೇರ್‌ಫುಲಿ’ಯಂಥ ಕಡೆ.

ಯಾರಿಗಿಂತ?

‘ದ್ಯಾನ್’ ಆದ ಮೇಲೆ ‘ಮಿ’ ಬರಬೇಕೋ ‘ಐ’ ಬರಬೇಕೋ ಎಂಬ ಜಗಳ ಹಳೆಯದು. ಮಾತಿನಲ್ಲಿ ‘ದ್ಯಾನ್ ಮಿ’ ಸಹಜ, ಪರೀಕ್ಷೆಯಲ್ಲಿ ‘ದ್ಯಾನ್ ಐ’ ಕೇಳುತ್ತಾರೆ. ‘ದ್ಯಾನ್ ಐ ಡು’ ಎಂದರೆ ಯಾರೂ ತಕರಾರು ಮಾಡುವಂತಿಲ್ಲ. ಹಿಂದಿನ ಕ್ರಿಯಾಪದ ಭೂತಕಾಲದಲ್ಲಿದ್ದರೆ ‘ದ್ಯಾನ್ ಐ ಡಿಡ್’. ಈ ‘ಡು’ ಅರ್ಥದ ಗೊಂದಲವನ್ನೂ ಬಿಡಿಸುತ್ತದೆ. ‘ಶಿ ಹೆಲ್ಪ್ಸ್ ಮಿ ಮೋರ್ ಆಫನ್ ದ್ಯಾನ್ ಯು’ ಎಂಬುದಕ್ಕೆ ಎರಡು ಅರ್ಥ: ನೀನು ನನಗೆ ಸಹಾಯ ಮಾಡುವುದಕ್ಕಿಂತ ಹೆಚ್ಚು ಸಲ, ಅಥವಾ ಅವಳು ನಿನಗೆ ಮಾಡುವುದಕ್ಕಿಂತ ಹೆಚ್ಚು ಸಲ. ‘ದ್ಯಾನ್ ಯು ಡು’ ಎಂದರೆ ಮೊದಲನೆಯದು, ‘ದ್ಯಾನ್ ಶಿ ಹೆಲ್ಪ್ಸ್ ಯು’ ಎಂದರೆ ಎರಡನೆಯದು.

‘ಎಲ್ಲರಿಗಿಂತ’ ಬಂದಾಗ ಇನ್ನೊಂದು ಎಚ್ಚರ ಬೇಕು. ‘ನಮ್ಮ ಕ್ಲಾಸಿನ್ಯಾಗ ಎಲ್ಲಾರಿಗಿಂತ ಛಲೋ ಹಾಡ್ತಾಳ’ ಎಂದಾಗ ‘ಎಲ್ಲಾರು’ ಎಂದರೆ ಅವಳನ್ನು ಬಿಟ್ಟು ಉಳಿದವರು ಎಂದು ನಾವು ತಾನಾಗಿ ತಿಳಿದುಕೊಳ್ಳುತ್ತೇವೆ. ಇಂಗ್ಲಿಷ್ ಆ ಬಿಡುವಿಕೆಯನ್ನು ಬಾಯಿಬಿಟ್ಟು ಹೇಳಿಸುತ್ತದೆ: ‘ಬೆಟರ್ ದ್ಯಾನ್ ಎನಿವನ್ ಎಲ್ಸ್ ಇನ್ ದಿ ಕ್ಲಾಸ್’. ‘ಎಲ್ಸ್’ ಬಿಟ್ಟರೆ ಅವಳು ತನಗಿಂತಲೂ ಚೆನ್ನಾಗಿ ಹಾಡಿದಂತೆ. ಹುಬ್ಬಳ್ಳಿಯ ಶ್ರೀ ಸಿದ್ಧಾರೂಢ ಸ್ವಾಮೀಜಿ ರೈಲು ನಿಲ್ದಾಣದಲ್ಲಿ 2023ರ ಮಾರ್ಚ್‌ನಲ್ಲಿ ಉದ್ಘಾಟನೆಯಾದ ಪ್ಲಾಟ್‌ಫಾರ್ಮ್ 1,507 ಮೀಟರ್ ಉದ್ದ, ಜಗತ್ತಿನಲ್ಲೇ ಅತಿ ಉದ್ದದ್ದು. ಅದರ ಬಗ್ಗೆ ‘ಇಟ್ ಸ್ಟ್ರೆಚಸ್ ಫಾರ್ದರ್ ದ್ಯಾನ್ ಎನಿ ಪ್ಲಾಟ್‌ಫಾರ್ಮ್ ಇನ್ ದಿ ವರ್ಲ್ಡ್’ ಎಂದರೆ ತಪ್ಪು ಹುಡುಕುವ ಪ್ರಶ್ನೆಯಲ್ಲಿ ಸಿಕ್ಕಿಬೀಳುತ್ತೀರಿ. ಜಗತ್ತಿನ ಪ್ಲಾಟ್‌ಫಾರ್ಮುಗಳಲ್ಲಿ ಅದೂ ಒಂದು. ‘ದ್ಯಾನ್ ಎನಿ ಅದರ್ ಪ್ಲಾಟ್‌ಫಾರ್ಮ್’ ಎನ್ನಬೇಕು.

ವಾಕ್ಯದಲ್ಲಿ ಜಾಗ

ಕನ್ನಡದಲ್ಲಿ ಕ್ರಿಯಾವಿಶೇಷಣ ಕ್ರಿಯಾಪದದ ಮಗ್ಗುಲಲ್ಲೇ ಕೂರುತ್ತದೆ: ‘ಇಂಗ್ಲಿಷ್ ಛಲೋ ಮಾತಾಡ್ತಾಳ.’ ಅದೇ ನಂಟನ್ನು ಇಂಗ್ಲಿಷಿನಲ್ಲೂ ಉಳಿಸಲು ಹೋದರೆ ‘ಶಿ ಸ್ಪೀಕ್ಸ್ ವೆಲ್ ಇಂಗ್ಲಿಷ್’ ಆಗುತ್ತದೆ. ಕ್ರಿಯಾಪದಕ್ಕೂ ಅದರ ಕರ್ಮಕ್ಕೂ ನಡುವೆ ಇಂಗ್ಲಿಷ್ ಯಾರನ್ನೂ ಬಿಟ್ಟುಕೊಳ್ಳುವುದಿಲ್ಲ. ‘ಶಿ ಸ್ಪೀಕ್ಸ್ ಇಂಗ್ಲಿಷ್ ವೆಲ್’, ಹೋಲಿಕೆಯಲ್ಲಿ ‘ಶಿ ಸ್ಪೀಕ್ಸ್ ಇಂಗ್ಲಿಷ್ ಬೆಟರ್ ದ್ಯಾನ್ ಐ ಡು’. ಎಷ್ಟು ಸಲ ಎಂದು ಹೇಳುವ ಆಲ್ವೇಸ್, ಆಫನ್, ನೆವರ್ ಮಾತ್ರ ಮುಖ್ಯ ಕ್ರಿಯಾಪದದ ಮುಂದೆ ನಿಲ್ಲುತ್ತವೆ, ‘ಈಸ್’, ‘ಆರ್’ಗಳ ಹಿಂದೆ ಬರುತ್ತವೆ: ‘ದಿ ಬಸ್ ಆಲ್ವೇಸ್ ಕಮ್ಸ್ ಲೇಟ್’, ‘ದಿ ಬಸ್ ಈಸ್ ಆಲ್ವೇಸ್ ಲೇಟ್’. ಆದರೆ ‘ಮೋರ್ ಆಫನ್’, ‘ಲೆಸ್ ಆಫನ್’ ಎಂದು ಹೋಲಿಕೆಗೆ ಬಂದರೆ ಸಾಮಾನ್ಯವಾಗಿ ಕೊನೆಗೆ ಸರಿಯುತ್ತವೆ.

ಹುಬ್ಬಳ್ಳಿ–ಧಾರವಾಡದ ನಡುವಿನ ಚಿಗರಿ ಬಸ್ಸುಗಳಿಂದ ಒಂದು ವಾಕ್ಯ ಕಟ್ಟಿ ನೋಡಬಹುದು. ನಾನ್‌ಸ್ಟಾಪ್ ಚಿಗರಿ, ಎಲ್ಲ ನಿಲ್ದಾಣಗಳಲ್ಲೂ ನಿಲ್ಲುವ ಚಿಗರಿಗಿಂತ ಲಗೂನ ಧಾರವಾಡ ಮುಟ್ಟುತ್ತದೆ, ಯಾಕಂದರೆ ಅದು ನಿಲ್ಲುವುದು ಕಡಿಮೆ. ‘ಮುಟ್ಟುತ್ತದೆ’ ಕೆಲಸ, ಆದ್ದರಿಂದ ಕ್ರಿಯಾವಿಶೇಷಣ. ‘ಲಗೂನ’ಕ್ಕೆ ‘ಸೂನ್’, ಎಲ್-ವೈ ಇಲ್ಲದ ಗಿಡ್ಡ ಪದ, ಆದ್ದರಿಂದ ‘ಸೂನರ್’. ಮುಂದೆ ‘ಮೋರ್’ ಬೇಡ. ಕರ್ಮವಾದ ‘ಧಾರವಾಡ’ ಕ್ರಿಯಾಪದಕ್ಕೆ ಅಂಟಿಕೊಂಡಿರಬೇಕು, ‘ಸೂನರ್’ ಅದರ ಹಿಂದೆ. ‘ಕಡಿಮೆ ನಿಲ್ಲುತ್ತದೆ’ ಎಂಬುದು ಎಷ್ಟು ಸಲ ಎಂಬ ಮಾತು, ಹಾಗಾಗಿ ‘ಲೆಸ್ ಆಫನ್’. ‘ದಿ ನಾನ್‌ಸ್ಟಾಪ್ ಚಿಗರಿ ರೀಚಸ್ ಧಾರವಾಡ ಸೂನರ್ ದ್ಯಾನ್ ದಿ ಅದರ್ ಒನ್ ಬಿಕಾಸ್ ಇಟ್ ಸ್ಟಾಪ್ಸ್ ಲೆಸ್ ಆಫನ್.’ ಬಹಳ ಬೇಗ ಎನ್ನಬೇಕಿದ್ದರೆ ‘ಸೂನರ್’ ಮುಂದೆ ‘ಮಚ್’ ಸೇರಿಸಿ.